ಅಪರೂಪದ ಇಂಗ್ಲಿಷ್ ಪದಗಳು: ಅರ್ಥದ ಜೊತೆಗೆ ಮೂಲ, ವರ್ಷ, ಉಚ್ಚಾರಣೆಯನ್ನೂ ಹಾಕಿ

ಪದಬೇಟೆ

ಅಪರೂಪದ ಇಂಗ್ಲಿಷ್ ಪದ ಗೊತ್ತಿದ್ದವರು ಇಲ್ಲಿ ಹಾಕಿ. ಒಂದೇ ಕೋರಿಕೆ: ಪದ, ಪಕ್ಕದಲ್ಲಿ ಒಂದು ಸಾಲಿನ ಅರ್ಥ, ಅಷ್ಟಕ್ಕೇ ನಿಲ್ಲಿಸಬೇಡಿ. ಎಲ್ಲಿಂದ ಬಂತು, ಮೊದಲು ಯಾವಾಗ ಅಚ್ಚಾಯಿತು, ಒತ್ತು ಎಲ್ಲಿ ಬೀಳುತ್ತದೆ, ಈಗಲೂ ಜನ ಬಳಸುತ್ತಾರೋ ಅಥವಾ ನಿಘಂಟಿನಲ್ಲಷ್ಟೇ ಉಳಿದಿದೆಯೋ ಎಂಬುದನ್ನೂ ಸೇರಿಸಿ. ಇಷ್ಟು ಗೊತ್ತಾಗದೆ ಆ ಪದವನ್ನು ಎಲ್ಲಿ ಹಾಕಿದರೆ ಒಪ್ಪುತ್ತದೆ, ಎಲ್ಲಿ ನಗೆಪಾಟಲಾಗುತ್ತದೆ ಅಂತ ಓದಿದವರಿಗೆ ತಿಳಿಯುವುದಿಲ್ಲ.

ಪೆಟ್ರಿಕೋರ್: ಒಣ ನೆಲಕ್ಕೆ ಮಳೆ ಬಿದ್ದಾಗ ಏಳುವ ವಾಸನೆ. ಒತ್ತು 'ಪೆ' ಮೇಲೆ. 1964ರಲ್ಲಿ ಆಸ್ಟ್ರೇಲಿಯಾದ ವಿಜ್ಞಾನಿಗಳಾದ ಇಸಾಬೆಲ್ ಜಾಯ್ ಬೇರ್ ಮತ್ತು ರಿಚರ್ಡ್ ಥಾಮಸ್ 'ನೇಚರ್' ಪತ್ರಿಕೆಯ ಲೇಖನಕ್ಕಾಗಿ ಕಟ್ಟಿದ ಪದ. ಗ್ರೀಕಿನಲ್ಲಿ ಪೆಟ್ರ ಅಂದರೆ ಕಲ್ಲು; ಐಕೋರ್ ಅಂದರೆ ದೇವತೆಗಳ ಮೈಯಲ್ಲಿ ರಕ್ತದ ಬದಲು ಹರಿಯುವ ದ್ರವ. 'ಪ್ರಾಚೀನ ಗ್ರೀಕ್ ಪದ' ಅಂತ ಹಂಚುವವರಿದ್ದಾರೆ. ತುಂಡುಗಳು ಹಳೆಯವು, ಪದಕ್ಕೆ ಇನ್ನೂ ನೂರು ವರ್ಷವಾಗಿಲ್ಲ. ಬಳಕೆಯಲ್ಲಿದೆ, ಧೈರ್ಯವಾಗಿ ಬರೆಯಬಹುದು.

ಡಿಫೆನೆಸ್ಟ್ರೇಷನ್: ಕಿಟಕಿಯಿಂದ ಹೊರಕ್ಕೆ ಎಸೆಯುವುದು. ಲ್ಯಾಟಿನ್‌ನ ಫೆನೆಸ್ಟ್ರ ಅಂದರೆ ಕಿಟಕಿ. 1618ರ ಮೇ 23ರಂದು ಪ್ರಾಗ್ ಕೋಟೆಯಲ್ಲಿ ಪ್ರೊಟೆಸ್ಟೆಂಟ್ ಬಣದವರು ಇಬ್ಬರು ರಾಜಪ್ರತಿನಿಧಿಗಳನ್ನೂ ಅವರ ಕಾರ್ಯದರ್ಶಿಯನ್ನೂ ಕಿಟಕಿಯಿಂದ ದೂಡಿದರು. ಸುಮಾರು 21 ಮೀಟರ್ ಎತ್ತರ, ಆದರೂ ಮೂವರೂ ಬದುಕಿದರು. ಮೂವತ್ತು ವರ್ಷಗಳ ಯುದ್ಧಕ್ಕೆ ಅದೇ ಕಿಡಿ. ಈಗ ಒಬ್ಬರನ್ನು ಅಧಿಕಾರದಿಂದ ಸರಕ್ಕನೆ ಕಿತ್ತುಹಾಕಿದಾಗಲೂ ಪತ್ರಕರ್ತರು ಇದನ್ನು ಬಳಸುತ್ತಾರೆ.

ಮಣ್ಣು_ರಸಾಯನ

ಪೆಟ್ರಿಕೋರ್ ಬಗ್ಗೆ ಒಂದು ಸೇರ್ಪಡೆ. ಬೇರ್ ಮತ್ತು ಥಾಮಸ್ ಆ ಹೆಸರನ್ನು ಇಟ್ಟದ್ದು, ಒಣಹವೆಯಲ್ಲಿ ಕಲ್ಲು ಮತ್ತು ಜೇಡಿಮಣ್ಣು ಹೀರಿಕೊಂಡು ತೇವ ತಾಗಿದಾಗ ಬಿಟ್ಟುಕೊಡುವ ಎಣ್ಣೆಯಂಥ ಅಂಶಕ್ಕೆ. ಜನ 'ಮಳೆವಾಸನೆ' ಅನ್ನುವುದರಲ್ಲಿ ಇನ್ನೊಂದು ಭಾಗವೂ ಇದೆ: ಜಿಯೋಸ್ಮಿನ್. ಅದು ಸ್ಟ್ರೆಪ್ಟೊಮೈಸಿಸ್ ಗುಂಪಿನ ಬ್ಯಾಕ್ಟೀರಿಯಾ ತಯಾರಿಸುವ ಸಂಯುಕ್ತ. ಹೆಸರಿಟ್ಟದ್ದು 1965ರಲ್ಲಿ, ಗರ್ಬರ್ ಮತ್ತು ಲಶವಲಿಯೇ ಎಂಬಿಬ್ಬರು. ಲಕ್ಷ ಕೋಟಿಯಲ್ಲಿ ಕೆಲವೇ ಭಾಗ ಇದ್ದರೂ ಮನುಷ್ಯನ ಮೂಗಿಗೆ ಹತ್ತುತ್ತದೆ. ಹಾಗಾಗಿ ಉತ್ತ ನೆಲದ, ಹಸಿ ಬೀಟ್‌ರೂಟಿನ ಮಣ್ಣುವಾಸನೆಗೆ ಪೆಟ್ರಿಕೋರ್ ಅಂದರೆ ತಪ್ಪಾಗುತ್ತದೆ. ಆ ಪದ ಒಣಗಿದ್ದ ನೆಲಕ್ಕೆ ಬಿದ್ದ ಮಳೆಗೆ ಮಾತ್ರ. ವಾರಗಟ್ಟಲೆ ಬಿಡದೆ ಸುರಿಯುತ್ತಿರುವ ಮಳೆಯಲ್ಲಿ ಪೆಟ್ರಿಕೋರ್ ಇರುವುದಿಲ್ಲ.

ಹಳೇಕೋಶ

ನನ್ನ ಪಾಲಿಗೆ ಆ್ಯಪ್ರಿಸಿಟಿ. ಚಳಿಗಾಲದ ಎಳೆಬಿಸಿಲಿನ ಬೆಚ್ಚನೆ. ಲ್ಯಾಟಿನ್‌ನ ಅಪ್ರಿಕಸ್ ಅಂದರೆ ಬಿಸಿಲು ಬೀಳುವ. ಸಿಗುವುದು 1623ರಲ್ಲಿ ಹೆನ್ರಿ ಕಾಕರಮ್ ಹೊರತಂದ ನಿಘಂಟಿನಲ್ಲಿ.

ಪದ ಚೆಂದವಿದೆ, ಆದರೆ ಅದರ ಜಾತಕ ನೋಡಬೇಕು. ಆ ಕಾಲದ ಇಂಗ್ಲಿಷ್ ನಿಘಂಟುಗಳು ಎಲ್ಲ ಪದಗಳನ್ನೂ ಹಿಡಿಯುವ ಕೋಶಗಳಲ್ಲ, ಕಷ್ಟಪದಗಳ ಪಟ್ಟಿಗಳು. 1604ರ ರಾಬರ್ಟ್ ಕಾಡ್ರಿಯದು ಇಂಗ್ಲಿಷಿನಿಂದ ಇಂಗ್ಲಿಷಿಗೆ ಅರ್ಥ ಹೇಳಿದ ಮೊದಲ ಅಚ್ಚಾದ ನಿಘಂಟು. ಅದರಲ್ಲಿ ಇದ್ದದ್ದು ಸುಮಾರು 2,500 ಪದ. ಆಮೇಲೆ ಬಂದವರು ಪಟ್ಟಿ ದೊಡ್ಡದು ಮಾಡುವ ಪೈಪೋಟಿಯಲ್ಲಿ ಲ್ಯಾಟಿನ್ ಕೋಶವನ್ನು ಮುಂದಿಟ್ಟುಕೊಂಡು, ಪದಕ್ಕೆ 'ಇಟಿ', 'ಏಟ್' ಎಂಬ ಇಂಗ್ಲಿಷ್ ಬಾಲ ಅಂಟಿಸಿ ಒಳಗೆ ಸೇರಿಸಿದರು. ಇಂಥವನ್ನು ಆಗಿನವರೇ 'ಇಂಕ್‌ಹಾರ್ನ್ ಪದಗಳು' ಅಂತ ಮೂದಲಿಸುತ್ತಿದ್ದರು. ಇಂಕ್‌ಹಾರ್ನ್ ಅಂದರೆ ಕೊಂಬಿನಿಂದ ಮಾಡಿದ ಮಸಿಕುಡಿಕೆ. ಆ ಪದಗಳು ಕುಡಿಕೆಯಿಂದ ಕಾಗದಕ್ಕೆ ಇಳಿದವು, ಬಾಯಿಗೆ ಬರಲಿಲ್ಲ.

ಸಂಶಯಾತ್ಮ

ಹಾಗಾದರೆ ಆ್ಯಪ್ರಿಸಿಟಿಯನ್ನು ಪದ ಅನ್ನಬೇಕಾ? ಯಾರೂ ಮಾತಾಡದ, ಯಾರೂ ಬರೆಯದ ಒಂದನ್ನು ಒಬ್ಬ ನಿಘಂಟುಕಾರ ಹಾಕಿದ ಮಾತ್ರಕ್ಕೆ?

ಅನುವಾದಕಿ

ಈಗ ಬಳಸುವವರು ಇದ್ದಾರೆ, ಹಾಗಾಗಿ ಈಗ ಅದು ಪದವೇ. ನಾನೂರು ವರ್ಷ ಮಲಗಿದ್ದು ಅಂತರ್ಜಾಲದ ಕಾಲದಲ್ಲಿ ಎದ್ದಿತು ಅಷ್ಟೆ. ನೋಡಬೇಕಾದ್ದು ಬೇರೆ: ಅರ್ಥ ವಿವರಿಸದೆ ಅದನ್ನು ವಾಕ್ಯದಲ್ಲಿ ಬಳಸಿದವರು ಎಷ್ಟು ಜನ? ಸೆರೆಂಡಿಪಿಟಿಯನ್ನು ಯಾರೂ ವಿವರಿಸುವುದಿಲ್ಲ, ಸುಮ್ಮನೆ ಬರೆಯುತ್ತಾರೆ. ಆ್ಯಪ್ರಿಸಿಟಿ ಬಂದಲ್ಲೆಲ್ಲ ಹಿಂದೆಯೇ 'ಅಂದರೆ ಚಳಿಗಾಲದ ಬಿಸಿಲು' ಅಂತ ಬಂದಿರುತ್ತದೆ. ಪದ ಇನ್ನೂ ಕೋಲು ಹಿಡಿದು ನಡೆಯುತ್ತಿದೆ.

ಸೆರೆಂಡಿಪಿಟಿಯ ಹುಟ್ಟಿದ ದಿನ ಸಿಕ್ಕಿರುವುದು ಅಪರೂಪದ ಸಂಗತಿ: 1754ರ ಜನವರಿ 28, ಇಂಗ್ಲಿಷ್ ಲೇಖಕ ಹೊರೇಸ್ ವಾಲ್ಪೋಲ್ ಬರೆದ ಪತ್ರ. ಸೆರೆಂಡಿಪ್ ಅಂದರೆ ಶ್ರೀಲಂಕಾದ ಹಳೆಯ ಹೆಸರು. ಇದಕ್ಕೆ 'ಅದೃಷ್ಟ' ಅಂತ ಅರ್ಥ ಕೊಟ್ಟರೆ ಅರ್ಧ ಮಾತ್ರ ಕೊಟ್ಟಂತೆ. ವಾಲ್ಪೋಲ್ ಹೇಳಿದ್ದರಲ್ಲಿ ಎರಡು ಸೇರಿವೆ: ಹುಡುಕದೆ ಇದ್ದದ್ದು ಎದುರಾಗುವುದು, ಎದುರಾದದ್ದರ ಬೆಲೆಯನ್ನು ಗುರುತಿಸುವ ಚುರುಕುತನ. ಲಾಟರಿ ಹೊಡೆದರೆ ಅದು ಸೆರೆಂಡಿಪಿಟಿ ಅಲ್ಲ.

ಕಾಡುಪದ

ಸಾಂಡರ್ ಯಾಕೆ ಯಾರೂ ಹಾಕಿಲ್ಲ? ಎದುರು ಹಾದುಹೋಗುವ ಪ್ರತಿಯೊಬ್ಬ ಅಪರಿಚಿತನ ಬದುಕೂ ನಮ್ಮದರಷ್ಟೇ ತುಂಬಿಕೊಂಡಿದೆ ಎಂಬ ಅರಿವು. ಹಳೆಯ ಫ್ರೆಂಚ್ ಪದ ಅಂತ ಓದಿದ್ದೆ.

ಹಳೇಕೋಶ

ಹಳೆಯದಲ್ಲ. 2012ರಲ್ಲಿ ಅಮೆರಿಕದ ಜಾನ್ ಕೋನಿಗ್ ಕಟ್ಟಿದ್ದು. ಹೆಸರಿಲ್ಲದ ಭಾವನೆಗಳಿಗೆ ಬೇಕೆಂದೇ ಹೊಸ ಹೆಸರು ಹೊಸೆಯುವ ಅವರ ಯೋಜನೆಯ ಫಲ. ಫ್ರೆಂಚಿನಲ್ಲಿ ಅದೇ ಕಾಗುಣಿತದ ಕ್ರಿಯಾಪದವೊಂದು ಇದೆ, ಆಳ ಅಳೆ, ಕೆದಕಿ ನೋಡು ಅಂತ ಅರ್ಥ. ಆದರೆ ಈ ಭಾವನೆ ಅಲ್ಲಿಲ್ಲ. ಹೊಸದು ಅಂತ ಗೊತ್ತಿದ್ದು ಬಳಸಿದರೆ ತೊಂದರೆಯಿಲ್ಲ. 19ನೇ ಶತಮಾನದ ಪಾತ್ರದ ಬಾಯಲ್ಲಿ ಹಾಕಿದರೆ ಸಿಕ್ಕಿಬೀಳುತ್ತೀರಿ.

ಬೇರುಗೆಣಸು

ನಮಗೆ ದಿನಬಳಕೆಯಾಗಿದ್ದು ಇಂಗ್ಲಿಷಿನವರಿಗೆ ಅಪರೂಪವಾಗಿರುವ ಪದಗಳ ಕಡೆ ಬರೋಣ.

ಓವರ್‌ಮಾರೋ: ನಾಡಿದ್ದು. 1535ರ ಕವರ್‌ಡೇಲ್ ಬೈಬಲ್ ಅನುವಾದದಲ್ಲಿ ಇದೆ. ಆಮೇಲೆ ಸತ್ತಿತು. ಮೊನ್ನೆಗೆ ಎರ್‌ಯೆಸ್ಟರ್‌ಡೇ ಅನ್ನುವುದಿತ್ತು, ಅದೂ ಹೋಯಿತು. ಈಗ ಇಂಗ್ಲಿಷಿನಲ್ಲಿ ನಾಡಿದ್ದು ಅನ್ನಲು ನಾಲ್ಕು ಪದ ಜೋಡಿಸಬೇಕು. 1647ರಲ್ಲಿ ನಥಾನಿಯಲ್ ವಾರ್ಡ್ ಎಂಬ ಪಾದ್ರಿ 'ಮೊನ್ನೆಯ' ಅನ್ನಲು ನ್ಯೂಡಿಯಸ್‌ಟರ್ಷಿಯನ್ ಅಂತ ಲ್ಯಾಟಿನ್‌ನಿಂದ ಎಳೆದು ತಂದರು. ಬಾಯಲ್ಲಿ ಸಲೀಸಾಗಿ ಹೊರಳಿದ್ದರೆ ಬದುಕುತ್ತಿತ್ತೇನೋ.

ವಿಡರ್‌ಶಿನ್ಸ್ ಮತ್ತು ಡೀಸಲ್: ಅಪ್ರದಕ್ಷಿಣ ಮತ್ತು ಪ್ರದಕ್ಷಿಣ. ಮೊದಲನೆಯದು ಹಳೆಯ ಜರ್ಮನ್ ಕಡೆಯಿಂದ ಸ್ಕಾಟ್ಲೆಂಡಿನ ಇಂಗ್ಲಿಷಿಗೆ ಬಂದದ್ದು, 'ಎದುರು ದಿಕ್ಕು' ಎಂಬ ಅರ್ಥ. ಎರಡನೆಯದು ಗೇಲಿಕ್ ಮೂಲದ್ದು, ಸೂರ್ಯ ಸಾಗುವ ದಿಕ್ಕಿನಲ್ಲಿ, ಬಲಕ್ಕೆ. ಡೀಸಲ್ ಒಳಗಿನ ಬೇರೂ ಸಂಸ್ಕೃತದ ದಕ್ಷಿಣವೂ ಲ್ಯಾಟಿನ್‌ನ ಡೆಕ್ಸ್ಟರ್ ಕೂಡ ಒಂದೇ ಇಂಡೋ-ಯೂರೋಪಿಯನ್ ಮೂಲದವು. ಪ್ರದಕ್ಷಿಣೆ ಅನ್ನುವಾಗಲೂ ಡೀಸಲ್ ಅನ್ನುವಾಗಲೂ ಹೇಳುತ್ತಿರುವುದು 'ಬಲಕ್ಕೆ' ಅಂತಲೇ. ಇಂಧನದ ಡೀಸೆಲ್‌ಗೂ ಇದಕ್ಕೂ ಸಂಬಂಧವಿಲ್ಲ, ಅದು ರುಡಾಲ್ಫ್ ಡೀಸೆಲ್ ಎಂಬ ಎಂಜಿನಿಯರ್ ಹೆಸರು.

ಹಾರಿಪಿಲೇಷನ್: ಮೈನವಿರೇಳುವುದು. ಲ್ಯಾಟಿನ್‌ನ ಹಾರೇರೆ ಅಂದರೆ ನಿಮಿರಿ ನಿಲ್ಲು, ಪಿಲುಸ್ ಅಂದರೆ ಕೂದಲು. ಹಾರರ್ ಬಂದದ್ದು ಇದೇ ಹಾರೇರೆಯಿಂದ. ಸಂಸ್ಕೃತದ 'ಹರ್ಷ'ದ ಬೇರೂ ಇದೇ ಕುಟುಂಬದ್ದು. ಅಲ್ಲಿ ಮೊದಲ ಅರ್ಥ ಕೂದಲು ನಿಮಿರುವುದೇ, ರೋಮಹರ್ಷ ನೆನಪಿಸಿಕೊಳ್ಳಿ. ನಿಮಿರಿದ ಒಂದೇ ಕೂದಲು ಲ್ಯಾಟಿನ್‌ನಲ್ಲಿ ಭಯವಾಯಿತು, ಸಂಸ್ಕೃತದಲ್ಲಿ ಸಂತೋಷವಾಯಿತು.

ಅನುವಾದಕಿ

ಬೇರುಗೆಣಸು ಅವರೇ, ಹಾರಿಪಿಲೇಷನ್ ಬಗ್ಗೆ ಒಂದು ಎಚ್ಚರಿಕೆ ಸೇರಿಸುತ್ತೇನೆ. ರೋಮಾಂಚನ ಅಂತ ಬಂದಲ್ಲೆಲ್ಲ ಇದನ್ನು ಹಾಕಬೇಡಿ. ರೋಮಾಂಚನ ಕವಿತೆಗೂ ಆಗುತ್ತದೆ, ಕ್ರಿಕೆಟ್ ವರದಿಗೂ ಆಗುತ್ತದೆ. ಹಾರಿಪಿಲೇಷನ್ ವೈದ್ಯರ ಟಿಪ್ಪಣಿಯ ಪದ. ಅರ್ಥ ಒಂದೇ ಆದರೂ ಮಟ್ಟ ಬೇರೆ. ಅಪರೂಪದ ಪದಗಳಲ್ಲಿ ಮುಕ್ಕಾಲು ಎಡವಟ್ಟು ಆಗುವುದು ಇಲ್ಲಿಯೇ. ಬಾರ್ಬರಿಗ್ಮಸ್ ಕೂಡ ಇದೇ ಜಾತಿ: ಹೊಟ್ಟೆ ಗುಡುಗುಡು ಅನ್ನುವುದು. ಒತ್ತು 'ರಿಗ್' ಮೇಲೆ, ಬಹುವಚನ ಬಾರ್ಬರಿಗ್ಮೈ. ವರದಿಯಲ್ಲಿ ಗಂಭೀರ, ಪ್ರಬಂಧದಲ್ಲಿ ತಮಾಷೆ, ಪ್ರೇಮಪತ್ರದಲ್ಲಿ ಅಪಾಯ.

ಹಡಗುಕಟ್ಟೆ

ಫ್ಲಾಟ್ಸಮ್, ಜೆಟ್ಸಮ್ ಎರಡನ್ನೂ ಜೋಡಿಯಾಗಿ 'ಚಿಲ್ಲರೆಪಲ್ಲರೆ' ಅನ್ನುವ ಅರ್ಥದಲ್ಲಿ ಬಳಸುತ್ತಾರೆ. ಕಡಲ ಕಾನೂನಿನಲ್ಲಿ ಇವು ಬೇರೆ ಬೇರೆ, ಜೊತೆಗೆ ಇನ್ನೂ ಎರಡು ಇವೆ.

ಹಡಗು ಒಡೆದಾಗ ತಾನಾಗಿ ತೇಲಿಹೋದ ಸರಕು ಫ್ಲಾಟ್ಸಮ್. ಮುಳುಗುವ ಹಡಗನ್ನು ಹಗುರ ಮಾಡಲು ಸಿಬ್ಬಂದಿಯೇ ಬೇಕೆಂದು ಎಸೆದದ್ದು ಜೆಟ್ಸಮ್. ಜೆಟಿಸನ್, ಅಂದರೆ ಬೇಡವೆಂದು ಎಸೆ, ಎಂಬ ಕ್ರಿಯಾಪದ ನೆನಪಿಟ್ಟರೆ ಇವೆರಡು ಅದಲುಬದಲಾಗುವುದಿಲ್ಲ. ಎಸೆದ ಸರಕು ತಳ ಸೇರಿದರೂ ಮತ್ತೆ ಹುಡುಕಿ ತೆಗೆಯಲೆಂದು ತೇಲುಗುರುತು ಕಟ್ಟಿದ್ದರೆ ಅದು ಲ್ಯಾಗನ್. ಮರಳಿ ಪಡೆಯುವ ಆಸೆಯನ್ನೇ ಬಿಟ್ಟು ತೊರೆದದ್ದು ಡೆರಲಿಕ್ಟ್. ಬ್ರಿಟನ್ನಿನ 1995ರ ವಾಣಿಜ್ಯ ನೌಕಾ ಕಾಯ್ದೆಯಲ್ಲಿ 'ರೆಕ್' (ಒಡೆದ ಹಡಗಿನ ಅವಶೇಷ) ಎಂಬುದರ ವ್ಯಾಖ್ಯೆಯೊಳಗೆ ಈ ನಾಲ್ಕೂ ಹೆಸರು ಹೆಸರಾಗಿ ಬರುತ್ತವೆ. ಸಿಕ್ಕಿದವರು ಸರ್ಕಾರಿ ಅಧಿಕಾರಿಗೆ ತಿಳಿಸಬೇಕು, ಮಾಲೀಕರಿಗೆ ಹಕ್ಕು ಹೇಳಲು ಒಂದು ವರ್ಷ ಅವಕಾಶ. ಹಾಗಾಗಿ ಲ್ಯಾಗನ್ ನಿಘಂಟಿನ ಪಳೆಯುಳಿಕೆ ಅಲ್ಲ, ಜಾರಿಯಲ್ಲಿರುವ ಪದ.

ಹಡಗಿನ ಪದಗಳ ಉಚ್ಚಾರಣೆಯೂ ಮೋಸದ್ದು. ಬರೆಯುವುದು ಬೋಟ್‌ಸ್ವೈನ್, ಅನ್ನುವುದು ಬೋಸನ್. ಗನ್‌ವೇಲ್ ಅಂತ ಬರೆದು ಗನಲ್ ಅನ್ನುತ್ತಾರೆ. ಫೋರ್‌ಕ್ಯಾಸಲ್ ನಾವಿಕರ ಬಾಯಲ್ಲಿ ಫೋಕ್ಸಲ್.

ಒತ್ತಕ್ಷರ

ಉಚ್ಚಾರಣೆ ಮಾತು ಬಂದಿದ್ದರಿಂದ ಸ್ವಲ್ಪ ಉದ್ದ ಬರೆಯುತ್ತೇನೆ. ಓದಿ ಕಲಿತವರು ಎಡವುವುದು ಇಲ್ಲಿ.

ಇಂಡಿಕ್ಟ್ ಅಂತ ಕಾಣುವ ಪದ ಇಂಡೈಟ್. ವಿಕ್ಚುವಲ್ಸ್ ಅಂತ ಕಾಣುವುದು ವಿಟಲ್ಸ್. ಎರಡೂ ಫ್ರೆಂಚಿನಿಂದ ಬಂದಾಗ ನಡುವೆ 'ಸಿ' ಅಕ್ಷರ ಇರಲೇ ಇಲ್ಲ. ಆಮೇಲೆ ಪಂಡಿತರು, ಲ್ಯಾಟಿನ್ ಮೂಲ ಕಾಣಲಿ ಅಂತ, ಕಾಗುಣಿತದಲ್ಲಿ ತುರುಕಿದರು. ಕಣ್ಣು ಬದಲಾಯಿತು, ನಾಲಿಗೆ ಬದಲಾಗಲಿಲ್ಲ. ಡೆಟ್, ಡೌಟ್ ಒಳಗಿನ 'ಬಿ' ಕೂಡ ಹೀಗೆ ಬಂದದ್ದು. ಐಲ್ಯಾಂಡ್‌ನ 'ಎಸ್' ಇನ್ನೂ ಕೆಟ್ಟ ಕಥೆ. ಅದು ಅಪ್ಪಟ ಹಳೆಯ ಇಂಗ್ಲಿಷ್ ಪದ, ಲ್ಯಾಟಿನ್‌ಗೆ ನೆಂಟಸ್ತಿಕೆಯೇ ಇಲ್ಲ. ಫ್ರೆಂಚ್ ಮೂಲದ ಐಲ್ ಎಂಬ ಪದವನ್ನು ನೋಡಿ ಇದಕ್ಕೂ ಅಂಟಿಸಿದರು.

ಇನ್ನೊಂದು ಗುಂಪು, ಗ್ರೀಕ್ ಮೂಲದ್ದು. ಕೊನೆಯ 'ಇ' ಇಲ್ಲಿ ಮೌನವಲ್ಲ. ಎಪಿಟೋಮ್ ಅಲ್ಲ, ಇಪಿಟಮಿ. ಹೈಪರ್‌ಬೋಲ್ ಅಲ್ಲ, ಹೈಪರ್ಬಲಿ. ಸಿನೆಕ್‌ಡೋಶ್ ಅಲ್ಲ, ಸಿನೆಕ್ಡಕಿ. ಕ್ಯಾಟಾಸ್ಟ್ರಫಿ ಎಲ್ಲರಿಗೂ ಗೊತ್ತಿದೆ, ಅದೇ ಜಾಡು. ಆದರೆ ಗ್ರೀಕ್ ತುಂಡುಗಳಿದ್ದ ಮಾತ್ರಕ್ಕೆ ನಂಬಬೇಡಿ, ಟೆಲಿಸ್ಕೋಪ್ ಈ ಜಾಡಿನಲ್ಲಿ ಬರುವುದಿಲ್ಲ. ಅನುಮಾನ ಬಂದರೆ ನಿಘಂಟಿನ ಧ್ವನಿ ಕೇಳುವುದೇ ದಾರಿ.

ಕನ್ನಡ ಲಿಪಿಯಲ್ಲಿ ಬರೆದುಕೊಳ್ಳುವವರಿಗೆ: ನಮ್ಮ ಲಿಪಿ ಒತ್ತನ್ನು ತೋರಿಸುವುದಿಲ್ಲ, ಒತ್ತಿಲ್ಲದ ಕಡೆ ಅಸ್ಪಷ್ಟವಾಗಿ ನುಡಿಯುವ ಇಂಗ್ಲಿಷಿನ ಮಂಕು ಸ್ವರವನ್ನೂ ತೋರಿಸುವುದಿಲ್ಲ. ನಾವು ಪ್ರತಿ ಅಕ್ಷರಕ್ಕೂ ಸಮ ತೂಕ ಕೊಟ್ಟು ಓದುತ್ತೇವೆ, ಪದ ಗುರುತೇ ಸಿಗದ ಹಾಗೆ ಆಗುತ್ತದೆ. ಒತ್ತು ಬೀಳುವ ಭಾಗದ ಮುಂಚೆ ಒಂದು ಮೇಲುಗೆರೆ ಹಾಕಿಟ್ಟುಕೊಳ್ಳಿ, ನಿಘಂಟುಗಳು ಮಾಡುವುದೂ ಅದನ್ನೇ.

ಸಂಶಯಾತ್ಮ

ಈಗ ಸುಳ್ಳುಪದಗಳು. ಅಪರೂಪದ ಪದಗಳ ಲೋಕದಲ್ಲಿ ನನಗೆ ಇಷ್ಟವಾದ ಮೂಲೆ ಇದು.

ಡಾರ್ಡ್: ವೆಬ್‌ಸ್ಟರ್ಸ್ ನ್ಯೂ ಇಂಟರ್‌ನ್ಯಾಷನಲ್ ನಿಘಂಟಿನ ಎರಡನೇ ಆವೃತ್ತಿ, 1934, ಪುಟ 771. ಅರ್ಥ: ಸಾಂದ್ರತೆ. ಇಂಥ ಪದ ಎಂದೂ ಇರಲಿಲ್ಲ. 1931ರ ಜುಲೈ 31ರಂದು ರಸಾಯನಶಾಸ್ತ್ರ ಸಂಪಾದಕ ಆಸ್ಟಿನ್ ಪ್ಯಾಟರ್ಸನ್ ಒಂದು ಚೀಟಿ ಕಳುಹಿಸಿದ್ದರು. ದೊಡ್ಡ ಡಿ ಅಥವಾ ಚಿಕ್ಕ ಡಿ, ಎರಡೂ ಸಾಂದ್ರತೆಯ ಸಂಕ್ಷೇಪ ಅಂತ. ಇಂಗ್ಲಿಷಿನಲ್ಲಿ 'D or d'. ಸಂಕ್ಷೇಪಗಳ ಕಟ್ಟಿಗೆ ಹೋಗಬೇಕಾದ ಚೀಟಿ ಪದಗಳ ಕಟ್ಟಿಗೆ ಹೋಯಿತು. ಅಲ್ಲಿ ಮುಖ್ಯಪದವನ್ನು ಅಕ್ಷರಗಳ ನಡುವೆ ಜಾಗ ಬಿಟ್ಟು ಟೈಪ್ ಮಾಡುವ ಪದ್ಧತಿ ಇದ್ದದ್ದರಿಂದ ನಾಲ್ಕು ಅಕ್ಷರ ಸೇರಿ ಒಂದು ಪದವಾಯಿತು. 1939ರ ಫೆಬ್ರವರಿ 28ರಂದು ಒಬ್ಬ ಸಂಪಾದಕರ ಕಣ್ಣಿಗೆ ಬಿತ್ತು, ಯಾಕೆಂದರೆ ಅದಕ್ಕೆ ವ್ಯುತ್ಪತ್ತಿಯೇ ಇರಲಿಲ್ಲ. 1947ರ ಹೊತ್ತಿಗೆ ಪುಟದಿಂದ ಹೊರಬಿತ್ತು.

ಇಂಥವಕ್ಕೆ 'ಗೋಸ್ಟ್ ವರ್ಡ್' ಅಂತ 1886ರಲ್ಲಿ ಹೆಸರಿಟ್ಟವರು ಭಾಷಾಶಾಸ್ತ್ರಜ್ಞ ವಾಲ್ಟರ್ ಸ್ಕೀಟ್. ಅಚ್ಚಿನ ದೋಷ, ಓದಿನ ದೋಷದಿಂದ ಹುಟ್ಟಿದ ಭೂತಪದಗಳು.

ಬೇಕೆಂದೇ ಹಾಕಿದವು ಬೇರೆ ಜಾತಿ. ಎಸ್ಕ್ವಿವೇಲಿಯನ್ಸ್: 2001ರ ನ್ಯೂ ಆಕ್ಸ್‌ಫರ್ಡ್ ಅಮೆರಿಕನ್ ನಿಘಂಟಿನಲ್ಲಿ, 'ತನ್ನ ಅಧಿಕೃತ ಜವಾಬ್ದಾರಿಗಳಿಂದ ಉದ್ದೇಶಪೂರ್ವಕ ನುಣುಚಿಕೊಳ್ಳುವುದು'. ಕದ್ದು ನಕಲು ಮಾಡುವವರನ್ನು ಹಿಡಿಯಲು ಇಟ್ಟ ಬಲೆ. 2005ರಲ್ಲಿ ಬಯಲಾಯಿತು. ಇಂಥ ಬಲೆಗಳಿಗೆ ಮೌಂಟ್‌ವೀಜಲ್ ಅಂತ ಹೆಸರು. 1975ರ ನ್ಯೂ ಕೊಲಂಬಿಯಾ ವಿಶ್ವಕೋಶದಲ್ಲಿ ಲಿಲಿಯನ್ ವರ್ಜೀನಿಯಾ ಮೌಂಟ್‌ವೀಜಲ್ ಎಂಬ, ಎಂದೂ ಹುಟ್ಟದ ಛಾಯಾಗ್ರಾಹಕಿಯ ಬಗ್ಗೆ ನಮೂದು ಇತ್ತು. ಕಂಬಸ್ಟಿಬಲ್ಸ್ ಎಂಬ ಪತ್ರಿಕೆಯ ಕೆಲಸದ ಮೇಲೆ ಹೋಗಿದ್ದಾಗ ಸ್ಫೋಟದಲ್ಲಿ ಸತ್ತಳಂತೆ. ದಹ್ಯವಸ್ತುಗಳ ಪತ್ರಿಕೆ! ಬರೆದವರು ಸಾಕಷ್ಟು ಸುಳಿವು ಬಿಟ್ಟಿದ್ದರು.

ಕಾಡುಪದ

ಹಾಗಾದರೆ ಪಟ್ಟಿಯಲ್ಲಿ ಬಂದ ಪದ ಅಸಲಿಯೋ ನಕಲಿಯೋ ಅಂತ ನೋಡುವ ಕ್ರಮ ಹೇಳಿ. ನಿಘಂಟೇ ಬಲೆ ಹಾಕಿದರೆ ಯಾರನ್ನು ನಂಬುವುದು?

ಹಳೇಕೋಶ

ನಿಘಂಟಿನ ಅರ್ಥಕ್ಕಿಂತ ಅದರ ಕೆಳಗಿನ ಉಲ್ಲೇಖಗಳನ್ನು ನಂಬಬೇಕು. ಡಾರ್ಡ್ ಸಿಕ್ಕಿಬಿದ್ದದ್ದು ಒಳಗೆ ಟೊಳ್ಳಾಗಿದ್ದರಿಂದಲೇ.

ಮೊದಲು ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿ ನೋಡಿ. ಅದರ ಹಳೆಯ ಆವೃತ್ತಿಗಳಲ್ಲಿ ಪದದ ಮುಂದೆ ಕಠಾರಿ ಗುರುತು ಇದ್ದರೆ ಬಳಕೆ ನಿಂತಿದೆ ಅಂತ. 'ರೇರ್' ಅಂತ ಬರೆದು ಮೇಲೆ ಚಿಕ್ಕದಾಗಿ ಋಣ ಒಂದು ಇದ್ದರೆ ಒಂದೇ ಒಂದು ಉಲ್ಲೇಖ ಸಿಕ್ಕಿದೆ. ಋಣ ಸೊನ್ನೆ ಇದ್ದರೆ ನಿಘಂಟುಗಳಲ್ಲಿ ಬಿಟ್ಟು ಬೇರೆಲ್ಲೂ ಸಿಕ್ಕಿಲ್ಲ. ಆ ಪುಟಾಣಿ ಸೊನ್ನೆಯನ್ನು ಗಮನಿಸಿದರೆ ಅರ್ಧ ಪಟ್ಟಿ ಉದುರಿಹೋಗುತ್ತದೆ. ಈಗಿನ ಅಂತರ್ಜಾಲ ಆವೃತ್ತಿಯಲ್ಲಿ 1ರಿಂದ 8ರವರೆಗೆ ಬಳಕೆಯ ಪಟ್ಟಿಗಳಿವೆ: 8 ಅಂದರೆ ಪ್ರತಿ ಸಾಲಿನಲ್ಲೂ ಬರುವಂಥದ್ದು, 1 ಅಂದರೆ ಹುಡುಕಿದರೂ ಸಿಗದಂಥದ್ದು.

ಆಮೇಲೆ ಗೂಗಲ್ ಎನ್‌ಗ್ರಾಮ್ ವ್ಯೂವರ್, ಅಂದರೆ ಸ್ಕ್ಯಾನ್ ಮಾಡಿದ ಪುಸ್ತಕಗಳಲ್ಲಿ ಒಂದು ಪದ ಯಾವ ವರ್ಷ ಎಷ್ಟು ಬಂದಿದೆ ಅಂತ ಗೆರೆ ಎಳೆದು ತೋರಿಸುವ ಜಾಲತಾಣ. ಇದರಲ್ಲಿ ಮೂರು ಕಡೆ ಜನ ಮೋಸ ಹೋಗುತ್ತಾರೆ. ಕನಿಷ್ಠ 40 ಪುಸ್ತಕಗಳಲ್ಲಿ ಬಂದ ಪದವನ್ನು ಮಾತ್ರ ಅದು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ, ಹಾಗಾಗಿ ಗೆರೆ ಬರಲಿಲ್ಲ ಅಂದರೆ ಪದ ಇಲ್ಲ ಅಂತಲ್ಲ. 1800ಕ್ಕಿಂತ ಹಿಂದಿನ ಅಚ್ಚಿನಲ್ಲಿ ಉದ್ದ 'ಎಸ್' ಇತ್ತು, ಯಂತ್ರ ಎಷ್ಟೋ ಸಲ ಅದನ್ನು 'ಎಫ್' ಅಂತ ಓದುತ್ತದೆ. ಆ ಕಾಲದ ಗೆರೆಗಳನ್ನು ಹಾಗೇ ನಂಬಿದರೆ ಇಲ್ಲದ ಪದ ಎದ್ದು ಕುಣಿಯುತ್ತದೆ. ಮೂರನೆಯದು ಸ್ಮೂದಿಂಗ್: ಅದನ್ನು ಸೊನ್ನೆಗೆ ಇಳಿಸದಿದ್ದರೆ ಅಕ್ಕಪಕ್ಕದ ವರ್ಷಗಳ ಸರಾಸರಿ ಕಾಣುತ್ತದೆ, ಮೊದಲ ವರ್ಷ ಹಿಂದಕ್ಕೆ ಸರಿದಂತೆ ತೋರುತ್ತದೆ.

ಕೊನೆಗೆ ಪುಸ್ತಕಗಳ ಒಳಗೆ ಪದವನ್ನು ಉದ್ಧರಣ ಚಿಹ್ನೆಯಲ್ಲಿಟ್ಟು ಹುಡುಕಿ. ಸಿಕ್ಕಿದ್ದೆಲ್ಲ 'ಅಪರೂಪದ ಪದಗಳು' ತರಹದ ಪಟ್ಟಿಗಳೇ ಆದರೆ ಅದು ಪಟ್ಟಿಯಲ್ಲಿ ಬದುಕುವ ಪದ. ಕಥೆ, ವರದಿ, ತೀರ್ಪು, ಪತ್ರ ಇವುಗಳಲ್ಲಿ ಸಿಕ್ಕರೆ ನಿಜವಾಗಿ ಬಳಕೆಯಾದದ್ದು. ಪುಸ್ತಕದ ಮುಖಪುಟ ತೆರೆದು ವರ್ಷವನ್ನು ಕಣ್ಣಾರೆ ನೋಡಿ, ಸ್ಕ್ಯಾನ್ ಮಾಡಿದವರು ನಮೂದಿಸಿದ ವರ್ಷ ಎಷ್ಟೋ ಸಲ ತಪ್ಪಿರುತ್ತದೆ.

ಬೇರುಗೆಣಸು

ಉದ್ದ ಪದಗಳದ್ದನ್ನು ಬೇಗ ಮುಗಿಸಿಬಿಡೋಣ, ಯಾರಾದರೂ ಕೇಳಿಯೇ ಕೇಳುತ್ತಾರೆ. 45 ಅಕ್ಷರದ ನ್ಯೂಮೊನೊ ಅಂತ ಶುರುವಾಗುವ ಶ್ವಾಸಕೋಶದ ಕಾಯಿಲೆಯ ಹೆಸರನ್ನು 1935ರಲ್ಲಿ ಅಮೆರಿಕದ ಒಗಟುಪ್ರಿಯರ ಸಂಘದ ಅಧ್ಯಕ್ಷ ಎವರೆಟ್ ಸ್ಮಿತ್ ಉದ್ದಕ್ಕಾಗಿಯೇ ಕಟ್ಟಿದರು. ವೈದ್ಯರು ಸಿಲಿಕೋಸಿಸ್ ಅನ್ನುತ್ತಾರೆ. 29 ಅಕ್ಷರದ ಫ್ಲಾಕ್ಸಿನಾಸಿನಿಹಿಲಿಪಿಲಿಫಿಕೇಷನ್‌ಗೆ 'ಬೆಲೆಯಿಲ್ಲದ್ದೆಂದು ಎಣಿಸುವುದು' ಅಂತ ಅರ್ಥ. 'ಕವಡೆ ಕಿಮ್ಮತ್ತೂ ಇಲ್ಲ' ಅನ್ನಲು ಲ್ಯಾಟಿನ್ ವ್ಯಾಕರಣ ಪುಸ್ತಕದಲ್ಲಿದ್ದ ನಾಲ್ಕು ಪದಗಳನ್ನು ಒಂದಕ್ಕೊಂದು ಪೋಣಿಸಿದ್ದು. 1741ರಲ್ಲಿ ಇಂಗ್ಲಿಷ್ ಕವಿ ವಿಲಿಯಂ ಶೆನ್‌ಸ್ಟೋನ್ ಪತ್ರದಲ್ಲಿ ಬಂದಿದೆ. ಉದ್ದ ಪದಗಳ ಭಯಕ್ಕೆ ಇದೆ ಅನ್ನುವ ಹಿಪಪೊಟೊ ಎಂದು ಶುರುವಾಗುವ ಹೆಸರು ಶುದ್ಧ ತಮಾಷೆ. 'ಫೋಬಿಯಾ' ಬಾಲದ ಪಟ್ಟಿಗಳೆಲ್ಲ ಬಹುಪಾಲು ಹೀಗೇ. ಮನೋವೈದ್ಯರ ಕೈಪಿಡಿ ಡಿಎಸ್‌ಎಂ-5ರಲ್ಲಿ ಒಂದೊಂದು ವಸ್ತುವಿಗೂ ಗ್ರೀಕ್ ಹೆಸರಿಲ್ಲ, ನಿರ್ದಿಷ್ಟ ಭಯ ಎಂಬ ಒಂದೇ ತಲೆಬರಹದ ಕೆಳಗೆ ಪ್ರಾಣಿ, ನಿಸರ್ಗ, ರಕ್ತ-ಸೂಜಿ-ಗಾಯ, ಸನ್ನಿವೇಶ, ಇತರೆ ಎಂಬ ವಿಂಗಡಣೆ ಇದೆ.

ಅನುವಾದಕಿ

ಉದ್ದಕ್ಕಿಂತ ಅಪಾಯಕಾರಿ, ನೋಡಲು ಪರಿಚಿತ ಅನ್ನಿಸುವ ಪದಗಳು. ನಿಘಂಟು ತೆರೆಯಬೇಕು ಅಂತಲೇ ಅನ್ನಿಸುವುದಿಲ್ಲ, ಹಾಗಾಗಿ ಅನುವಾದದಲ್ಲಿ ನುಸುಳುತ್ತವೆ.

ನಾಯ್ಸಮ್‌ಗೂ ಸದ್ದಿಗೂ ಸಂಬಂಧವಿಲ್ಲ. ಅನಾಯ್ ಎಂಬುದರ ತುಂಡಿನಿಂದ ಬಂದದ್ದು, ಅರ್ಥ ಅಸಹ್ಯ, ದುರ್ನಾತದ. 'ನಾಯ್ಸಮ್ ಬೀದಿ' ಅಂದರೆ ಗದ್ದಲದ ಬೀದಿ ಅಲ್ಲ, ನಾರುವ ಬೀದಿ. ಎನರ್ವೇಟ್ ಅಂದರೆ ಚೈತನ್ಯ ತುಂಬುವುದು ಅಂದುಕೊಳ್ಳುತ್ತಾರೆ, ಅದು ಅದಕ್ಕೆ ಪೂರ್ತಿ ಎದುರು: ಸತ್ವ ಹಿಂಡಿ ನಿತ್ರಾಣ ಮಾಡುವುದು. ಲ್ಯಾಟಿನ್‌ನ ನೆರ್ವುಸ್ ಅಂದರೆ ಸ್ನಾಯುರಜ್ಜು, ಅದನ್ನು ಕಿತ್ತುಹಾಕಿದ ಸ್ಥಿತಿ. ಮೆರಿಟ್ರಿಷಸ್ ಒಳಗೆ ಮೆರಿಟ್ ಕಂಡು ಹೊಗಳಿಕೆ ಅಂದುಕೊಂಡರೆ ಕಷ್ಟ. ಲ್ಯಾಟಿನ್‌ನಲ್ಲಿ ಮೆರೆಟ್ರಿಕ್ಸ್ ಅಂದರೆ ವೇಶ್ಯೆ, ಪದದ ಅರ್ಥ ಮೇಲ್ನೋಟಕ್ಕೆ ಥಳುಕು, ಒಳಗೆ ಪೊಳ್ಳು. ಶಿಫಾರಸು ಪತ್ರದಲ್ಲಿ ಇದು ಬಂದರೆ ಯಾರದೋ ಕೆಲಸ ಹೋಯಿತು ಅಂತಲೇ.

ಪೆನಲ್ಟಿಮೇಟ್ ಅಂದರೆ ಕಟ್ಟಕಡೆಯದು ಅಲ್ಲ, ಕಡೆಯದಕ್ಕಿಂತ ಒಂದು ಹಿಂದಿನದು. ಅದರ ಹಿಂದಿನದು ಆಂಟಿಪೆನಲ್ಟಿಮೇಟ್. ಇನ್‌ಫ್ಲೇಮಬಲ್ ಅಂದರೆ ಉರಿಯದ್ದು ಅಲ್ಲ, ಬೇಗ ಹೊತ್ತಿಕೊಳ್ಳುವುದು. ಇಲ್ಲಿನ 'ಇನ್' ನಿಷೇಧ ಅಲ್ಲ, ಲ್ಯಾಟಿನ್‌ನ 'ಒಳಗೆ'. ಈ ಗೊಂದಲದಿಂದ ಜೀವಕ್ಕೆ ಅಪಾಯ ಅಂತ ಕಂಡು, ಟ್ಯಾಂಕರುಗಳ ಮೇಲೆ ಫ್ಲೇಮಬಲ್ ಅಂತ ಬರೆಯುವ ರೂಢಿ ಬಂತು. ಸುರಕ್ಷತಾ ಸೂಚನೆ ಬರೆಯುವವರು ಹಳೆಯ ರೂಪವನ್ನು ಮುಟ್ಟಲೇಬಾರದು.

ಪೆರೂಸ್, ನಾನ್‌ಪ್ಲಸ್ಡ್ ಇವು ಬೇರೆ ಬಗೆಯ ತಲೆನೋವು. ಪೆರೂಸ್ ಅಂದರೆ ಗಮನವಿಟ್ಟು ಓದುವುದು. ಕಣ್ಣಾಡಿಸುವುದು ಅಂತಲೂ ಬಳಸುತ್ತಾರೆ. ನಾನ್‌ಪ್ಲಸ್ಡ್ ಅಂದರೆ ದಿಕ್ಕುತೋಚದೆ ನಿಲ್ಲುವುದು. ಅಮೆರಿಕದಲ್ಲಿ ಎಷ್ಟೋ ಜನ 'ಚೂರೂ ಅಲುಗದೆ' ಅನ್ನುವ ಅರ್ಥದಲ್ಲಿ ಬಳಸುತ್ತಾರೆ. ಓದುವಾಗ ಸಂದರ್ಭ ನೋಡಿ ಅರ್ಥ ಮಾಡಿಕೊಳ್ಳಿ, ಬರೆಯುವಾಗ ಬೇರೆ ಪದ ಹುಡುಕಿಕೊಳ್ಳಿ.

ಕಾಡುಪದ

ಪ್ರಾಣಿಗಳ ಗುಂಪಿನ ಹೆಸರುಗಳು? ಕಾಗೆಗಳಿಗೆ ಮರ್ಡರ್, ಬಾನಾಡಿ ಲಾರ್ಕ್‌ಗಳಿಗೆ ಎಕ್ಸಾಲ್ಟೇಷನ್ ಅಂತೆಲ್ಲ ಇವೆಯಲ್ಲ.

ಸಂಶಯಾತ್ಮ

15ನೇ ಶತಮಾನದ ಬೇಟೆ ಕೈಪಿಡಿಗಳಲ್ಲಿ ಬಂದ ಪಟ್ಟಿಗಳು, 1486ರಲ್ಲಿ ಸೇಂಟ್ ಆಲ್ಬನ್ಸ್‌ನಲ್ಲಿ ಅಚ್ಚಾದದ್ದು ಪ್ರಸಿದ್ಧ. ಅದೇ ಪಟ್ಟಿಯಲ್ಲಿ ಸನ್ಯಾಸಿನಿಯರ ಗುಂಪಿಗೆ 'ಅಗತ್ಯಕ್ಕಿಂತ ಹೆಚ್ಚು' ಅನ್ನುವ ಅರ್ಥದ ಪದವಿದೆ. ಅಲ್ಲಿಗೆ ಪಟ್ಟಿ ಮಾಡಿದವರು ಎಷ್ಟು ಗಂಭೀರವಾಗಿದ್ದರು ಅಂತ ತಿಳಿಯುತ್ತದೆ. ಪಕ್ಷಿತಜ್ಞರು ಕಾಗೆಗಳಿಗೂ ಫ್ಲಾಕ್ ಅಂತಲೇ ಬರೆಯುತ್ತಾರೆ. ರಸಪ್ರಶ್ನೆಗೆ ಸಾಕು.

ಒತ್ತಕ್ಷರ

ಜನರ ಬಗ್ಗೆ ಇರುವ ಪದಗಳು ಯಾರೂ ಹಾಕಿಲ್ಲ, ನಾನೇ ಹಾಕುತ್ತೇನೆ.

ಅಲ್ಟ್ರಕ್ರೆಪಿಡೇರಿಯನ್: ತನಗೆ ಗೊತ್ತಿಲ್ಲದ ವಿಷಯದಲ್ಲಿ ತೀರ್ಪು ಕೊಡುವವರು. ಒತ್ತು 'ಡೇ' ಮೇಲೆ. 1819ರಲ್ಲಿ ಇಂಗ್ಲಿಷ್ ಪ್ರಬಂಧಕಾರ ವಿಲಿಯಂ ಹ್ಯಾಜ್ಲಿಟ್ ವಿಮರ್ಶಕ ಗಿಫರ್ಡ್‌ಗೆ ಎಸೆದ ಪದ. ಹಿಂದಿನ ಕಥೆ ರೋಮನ್ ಲೇಖಕ ಪ್ಲಿನಿಯದು: ಅಪೆಲ್ಲೀಸ್ ಎಂಬ ಚಿತ್ರಕಾರನ ಚಿತ್ರದಲ್ಲಿ ಪಾದರಕ್ಷೆಯ ದೋಷವನ್ನು ಚಮ್ಮಾರ ತೋರಿಸಿದ, ಚಿತ್ರಕಾರ ತಿದ್ದಿದ. ಮರುದಿನ ಚಮ್ಮಾರ ಕಾಲಿನ ಬಗ್ಗೆಯೂ ಟೀಕೆ ಶುರುಮಾಡಿದ. ಪಾದರಕ್ಷೆಗಿಂತ ಮೇಲಕ್ಕೆ ಬರಬೇಡ ಅಂತ ಉತ್ತರ ಬಂತು. ಕ್ರೆಪಿಡ ಅಂದರೆ ಆ ಪಾದರಕ್ಷೆ.

ಕ್ಯಾಕಿಸ್ಟಾಕ್ರಸಿ: ಅತ್ಯಂತ ಅಯೋಗ್ಯರ ಆಡಳಿತ. ಗ್ರೀಕಿನ ಕಾಕಿಸ್ಟೋಸ್ ಅಂದರೆ ಎಲ್ಲಕ್ಕಿಂತ ಕೆಟ್ಟ. 1644ರ ಒಂದು ಧರ್ಮೋಪದೇಶದಲ್ಲಿ ಮೊದಲು ಕಾಣುತ್ತದೆ, ಈಗ ಪತ್ರಿಕೆಗಳಲ್ಲಿ ಚೆನ್ನಾಗಿಯೇ ಓಡುತ್ತಿದೆ.

ಸ್ನಾಲಿಗಾಸ್ಟರ್: ನೀತಿನಿಯಮ ಇಲ್ಲದ ಚಾಲಾಕಿ, ಮುಖ್ಯವಾಗಿ ರಾಜಕಾರಣಿ. 19ನೇ ಶತಮಾನದ ಅಮೆರಿಕದ ಆಡುಮಾತು. 1952ರಲ್ಲಿ ಅಧ್ಯಕ್ಷ ಟ್ರೂಮನ್ ಭಾಷಣದಲ್ಲಿ ಬಳಸಿ, ಅರ್ಥವನ್ನು ತಪ್ಪಾಗಿ ಹೇಳಿದರು. ಮೆರಿಯಮ್-ವೆಬ್‌ಸ್ಟರ್ 2003ರಲ್ಲಿ ಯಾರೂ ಬಳಸುತ್ತಿಲ್ಲ ಅಂತ ಕೋಶದಿಂದ ತೆಗೆಯಿತು, 2017ರಲ್ಲಿ ಬಳಕೆ ಮತ್ತೆ ಕಂಡು ವಾಪಸ್ ಸೇರಿಸಿತು. ಹೊರಹಾಕಿದ ಪದ ಹೀಗೆ ಮರಳಿ ಬರುವುದು ಅಪರೂಪ.

ಹಡಗುಕಟ್ಟೆ

ಗಾಂಗೂಜ್ಲರ್ ಸೇರಿಸಿ. ಇಂಗ್ಲೆಂಡಿನ ಕಾಲುವೆಗಳ ದಡದಲ್ಲಿ ನಿಂತು ದೋಣಿಗಳು ಬಂದು ಹೋಗುವುದನ್ನು ಸುಮ್ಮನೆ ನೋಡುತ್ತಿರುವವರು. 20ನೇ ಶತಮಾನದ ಮೊದಲ ವರ್ಷಗಳಲ್ಲಿ ದಾಖಲಾಗಿದೆ, ಕಾಲುವೆ ದೋಣಿಯವರು ಈಗಲೂ ಬಳಸುತ್ತಾರೆ. ಸ್ವಲ್ಪ ಛೇಡಿಕೆ, ದ್ವೇಷವಿಲ್ಲ.

ಕಾಡುಪದ

ಕಾಲುವೆಗೆ ಮಾತ್ರವಾ, ಯಾವುದನ್ನಾದರೂ ಬಾಯಿಬಿಟ್ಟು ನೋಡುತ್ತ ನಿಂತವರಿಗೂ ಅನ್ನಬಹುದಾ?

ಹಡಗುಕಟ್ಟೆ

ಹಾಗೆ ಹಿಗ್ಗಿಸಿ ಬಳಸುವವರಿದ್ದಾರೆ. ಕಾಲುವೆಯ ಹಿನ್ನೆಲೆ ಗೊತ್ತಿರುವ ಓದುಗರಿದ್ದರೆ ತಮಾಷೆ ಕೂರುತ್ತದೆ. ಅದಿಲ್ಲದಿದ್ದರೆ ಇಂಗ್ಲಿಷಿನಲ್ಲಿ ಆನ್‌ಲುಕರ್ ಸಾಕು.